ಮಳೆ ಬಂದಾಗ ಮಾತ್ರ ಸತ್ತುಹೋಗುತ್ತಿದ್ದ ಇಸಿಎಂ: ಹುಡುಕಿದ್ದು, ಬದಲಾಯಿಸಿದ್ದು

ಗಾಡಿ: 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್, ಬಿಎಸ್-4. ಓಡಿರುವುದು 81 ಸಾವಿರ ಕಿಲೋಮೀಟರ್. ಆರ್‌ಸಿ ಅಪ್ಪನ ಹೆಸರಲ್ಲಿದೆ, ಓಡಿಸುವವನು ನಾನು. ಜಯನಗರದಲ್ಲಿ ಮನೆ ಮುಂದೆ ಗುಲ್‌ಮೊಹರ್ ಮರದ ಕೆಳಗೆ ನಿಲ್ಲುತ್ತದೆ. ಮರದ ವಿಷಯ ಮುಂದೆ ಬೇಕಾಗುತ್ತದೆ.

ತೊಂದರೆ: ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ದಿನಾ ಹೀಗಿಲ್ಲ. ಕೆಲವು ದಿನ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುತ್ತದೆ. ಒಂದು ಸಲ ಬನಶಂಕರಿ ದಾಟಿ ಕನಕಪುರ ರಸ್ತೆಯಲ್ಲಿ ಸಿಗ್ನಲ್ ಹತ್ತಿರ ಓಡುತ್ತಿದ್ದ ಎಂಜಿನ್ನೇ ಆಫ್ ಆಯಿತು.

ಈಗ ಸರಿಯಾಗಿದೆ. ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬದಲಾಯಿಸಿದ್ದೇನೆ. ಬಿಚ್ಚಿ ಹಾಕುವ ಕೆಲಸ ಸಣ್ಣದು. ಇಸಿಎಂಮೇ ಕೆಟ್ಟಿದೆ ಅಂತ ಖಾತ್ರಿ ಮಾಡಿಕೊಳ್ಳುವುದು, ಯಾಕೆ ಕೆಟ್ಟಿತು ಅಂತ ಹುಡುಕುವುದು, ಇವೆರಡೇ ದೊಡ್ಡ ಕೆಲಸ. ಹಾಗಾಗಿ ಇಲ್ಲಿ ಅವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಮೊದಲು ಬದಲಾದ ಪಾರ್ಟ್‌ಗಳು

ನಾನು ರಿಪೇರಿಗೆ ಕೈ ಹಾಕುವ ಮುಂಚೆ ಗಾಡಿ ಹತ್ತಿರದ ಒಂದು ಗ್ಯಾರೇಜಿಗೆ ಹೋಗಿತ್ತು. ಮೊದಲು ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುತ್ತಿದೆಯೇ ಅಂತ ಇಸಿಎಂಗೆ ತಿಳಿಸುವ ಪಾರ್ಟ್) ಹಾಕಿದರು, 1,650 ರೂಪಾಯಿ. ಆಮೇಲೆ ಪೆಟ್ರೋಲ್ ಪಂಪ್, ಕೂಲಿ ಸೇರಿ 4,200. ಎರಡು ಸಲವೂ ಗಾಡಿ ಕೆಲವು ದಿನ ಚೆನ್ನಾಗಿಯೇ ಓಡಿತು. ಆ ದಿನಗಳಲ್ಲಿ ಮಳೆ ಇರಲಿಲ್ಲ. ಪಾರ್ಟ್ ಹಾಕಿದ್ದಕ್ಕೆ ಸರಿಹೋಯಿತು ಅಂತ ಎಲ್ಲರಿಗೂ ಅನ್ನಿಸಿತು.

ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಬರುವುದು ಸಹಜ. ಅದು ಕೆಟ್ಟರೂ ಓಡುತ್ತಿರುವ ಎಂಜಿನ್ ಹೀಗೇ ನಿಲ್ಲುತ್ತದೆ, ಸೆಲ್ಫ್ ಹೊಡೆದರೂ ಹಿಡಿಯಲ್ಲ. ಆದರೆ ನಮ್ಮ ಗಾಡಿಯಲ್ಲಿ ಇನ್ನೊಂದು ಸುಳಿವು ಇತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

2. ಕೀ ಆನ್ ಮಾಡಿ ಸುಮ್ನೆ ನೋಡಿದ್ದು

ಸೆಲ್ಫ್ ಹೊಡೆಯುವ ಮುಂಚೆ ಕೀ ಆನ್ ಮಾಡಿ ಒಂದೆರಡು ನಿಮಿಷ ಕೂತು ನೋಡಿದರೆ ಎಷ್ಟೋ ವಿಷಯ ಗೊತ್ತಾಗುತ್ತದೆ. ಸರಿ ಇರುವ ದಿನ ಏನಾಗುತ್ತದೆ, ಕೈಕೊಟ್ಟ ದಿನ ಏನಾಗುತ್ತದೆ ಅಂತ ಒಂದು ನೋಟ್‌ಬುಕ್ಕಲ್ಲಿ ಪಕ್ಕಪಕ್ಕ ಬರೆದುಕೊಂಡೆ.

ಸರಿ ಇರುವ ದಿನ: ಚೆಕ್ ಎಂಜಿನ್ ದೀಪ ಹತ್ತುತ್ತದೆ. ಹಿಂದಿನ ಸೀಟಿನ ಕೆಳಗಿಂದ ಪೆಟ್ರೋಲ್ ಪಂಪ್ ಸುಮಾರು ಎರಡು ಸೆಕೆಂಡ್ ಗುಂಯ್ ಅನ್ನುತ್ತದೆ. ಬಾನೆಟ್ ಕೆಳಗೆ ಇಸಿಎಂಗೆ ಕರೆಂಟ್ ಕೊಡುವ ಸ್ವಿಚ್, ಮೇನ್ ರಿಲೇ, ಟಕ್ ಅನ್ನುತ್ತದೆ. ಸೆಲ್ಫ್ ಹೊಡೆದಾಗ ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೇಳುತ್ತದೆ.

ಕೈಕೊಟ್ಟ ದಿನ: ದೀಪ ಇಲ್ಲ, ಪಂಪ್ ಸದ್ದಿಲ್ಲ, ರಿಲೇ ಟಕ್ ಇಲ್ಲ, ಮುಳ್ಳು ಅಲ್ಲಾಡಲ್ಲ.

ಬರೀ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದ್ದರೆ ಕೀ ಆನ್ ಮಾಡಿದ ತಕ್ಷಣ ದೀಪ ಹತ್ತಲೇಬೇಕಿತ್ತು. ಪಂಪ್ ಕೆಟ್ಟಿದ್ದರೂ ಅಷ್ಟೇ. ಎಲ್ಲ ಒಟ್ಟಿಗೆ ಸುಮ್ಮನಾದರೆ ಮುಖ್ಯವಾಗಿ ಎರಡು ಕಾರಣ. ಇಸಿಎಂಗೆ ಕರೆಂಟ್ ಅಥವಾ ಅರ್ತ್ ಬರ್ತಿಲ್ಲ, ಇಲ್ಲವೇ ಇಸಿಎಂ ಒಳಗೇ ಏನೋ ಆಗಿದೆ. ಒಂದು ಎಚ್ಚರ: ಕೆಲವು ಗಾಡಿಗಳಲ್ಲಿ ಇಸಿಎಂ ಮಾತಾಡದಿದ್ದರೆ ಮೀಟರ್ ಬೋರ್ಡೇ ಚೆಕ್ ಎಂಜಿನ್ ದೀಪ ಹಚ್ಚಿಡುತ್ತದೆ. ಅಂಥ ಗಾಡಿಯಲ್ಲಿ ದೀಪ ಒಂದನ್ನೇ ನಂಬುವ ಹಾಗಿಲ್ಲ.

3. ಬ್ಯಾಟರಿ, ಚಾರ್ಜಿಂಗ್

ಇದು ಬೇಗ ಮುಗಿಯಿತು. ಬ್ಯಾಟರಿ 12.5 ವೋಲ್ಟ್. ಸೆಲ್ಫ್ ಹೊಡೆಯುವಾಗ 10.4ಕ್ಕಿಂತ ಕೆಳಗೆ ಹೋಗಲಿಲ್ಲ, 9.6ರ ತನಕ ಪರವಾಗಿಲ್ಲ. ಎಂಜಿನ್ ಓಡುವಾಗ 14.1. ಸೆಲ್ಫ್ ತಿರುಗುವಾಗ ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ 0.16 ವೋಲ್ಟ್, ಅಂದರೆ ದಪ್ಪ ಅರ್ತ್ ಕೇಬಲ್ ಚೆನ್ನಾಗಿದೆ.

4. ಸ್ಕ್ಯಾನರ್, ಒಬಿಡಿ ಸಾಕೆಟ್

ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 (ಗಾಡಿ ತನ್ನ ದೋಷಗಳನ್ನು ತಾನೇ ಪತ್ತೆ ಮಾಡಿ ಸ್ಕ್ಯಾನರ್‌ಗೆ ತಿಳಿಸುವ ವ್ಯವಸ್ಥೆ) ಕಡ್ಡಾಯವಾಗಿದೆ. ಸ್ಟೇರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇರುತ್ತದೆ. ನನ್ನ ಹತ್ತಿರ ಇದ್ದ ಅಗ್ಗದ ಬ್ಲೂಟೂತ್ ಅಡಾಪ್ಟರ್ ಕೈಕೊಟ್ಟ ದಿನ ಕನೆಕ್ಟೇ ಆಗಲಿಲ್ಲ. ಅಷ್ಟಕ್ಕೇ ಇಸಿಎಂ ಹೋಯಿತು ಅನ್ನಬಾರದು, ಸಾಕೆಟ್ಟೇ ಸತ್ತಿರಬಹುದು. 16ನೇ ಪಿನ್‌ನಲ್ಲಿ 12.4 ವೋಲ್ಟ್ ಇತ್ತು. 4 ಮತ್ತು 5 ಅರ್ತ್ ಆಗಿದ್ದವು. ಬ್ಯಾಟರಿ ಮೈನಸ್ ಬಿಚ್ಚಿ 6 ಮತ್ತು 14ನೇ ಪಿನ್ ಮಧ್ಯೆ ಓಮ್ ಅಳೆದೆ: 60.4.

ಈ 60 ಓಮ್ ಬಗ್ಗೆ ಒಂದು ಮಾತು. 6 ಮತ್ತು 14ನೇ ಪಿನ್‌ಗೆ ಬರುವುದು ಕ್ಯಾನ್ ಲೈನ್, ಗಾಡಿಯ ಕಂಪ್ಯೂಟರ್‌ಗಳು ಒಂದರ ಜತೆ ಒಂದು ಮಾತಾಡುವ ಎರಡು ವೈರ್. ಅದರ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60 ತೋರಿಸುತ್ತದೆ. ನಮ್ಮ ಗಾಡಿಯಲ್ಲಿ ಒಂದು ರೆಸಿಸ್ಟರ್ ಇಸಿಎಂ ಒಳಗೇ ಇದೆ. 60 ಬಂತು ಅಂದರೆ ಎರಡು ವೈರೂ ಅಲ್ಲಿಯ ತನಕ ಗಟ್ಟಿಯಾಗಿವೆ ಅಂತ ಮಾತ್ರ ಅರ್ಥ. ಇಸಿಎಂ ಬದುಕಿದೆ ಅಂತ ಅರ್ಥ ಅಲ್ಲ. ಸತ್ತ ಇಸಿಎಂ ಕೂಡ 60 ತೋರಿಸುತ್ತದೆ.

ಗೆಳೆಯನ ಹತ್ತಿರ ಇದ್ದ ದೊಡ್ಡ ಸ್ಕ್ಯಾನರ್ ತಂದು ಹಾಕಿದೆ. ಬ್ರೇಕ್ ನೋಡಿಕೊಳ್ಳುವ ಎಬಿಎಸ್ ಮಾತಾಡಿತು. ಅದರಲ್ಲಿ ಒಂದೇ ಕೋಡ್, ಯು0100: ಇಸಿಎಂ ಜತೆ ಸಂಪರ್ಕ ತಪ್ಪಿದೆ. ಇಸಿಎಂನಿಂದ ಉತ್ತರವೇ ಇಲ್ಲ.

5. ಇಸಿಎಂ ಕನೆಕ್ಟರ್ ಹತ್ತಿರ

ಇಲ್ಲಿ ಆತುರ ಮಾಡಬಾರದು. ಅಳತೆಗಳನ್ನು ಗಾಡಿ ಕೈಕೊಟ್ಟಿರುವಾಗಲೇ ತೆಗೆಯಬೇಕು. ಸರಿ ಇದ್ದಾಗ ಅಳೆದರೆ ಎಲ್ಲ ಸರಿಯಾಗೇ ತೋರಿಸುತ್ತದೆ. ಹಾಗಾಗಿ ಟೂಲ್ಸ್ ಎಲ್ಲ ಒಂದು ಡಬ್ಬಿಯಲ್ಲಿಟ್ಟುಕೊಂಡು ಮಳೆಗೆ ಕಾದೆ. ಬೆಂಗಳೂರಲ್ಲಿ ಸೆಪ್ಟೆಂಬರ್ ತಿಂಗಳು, ಜಾಸ್ತಿ ಕಾಯಬೇಕಾಗಲಿಲ್ಲ. ರಾತ್ರಿ ಜೋರು ಮಳೆ ಬಂತು, ಬೆಳಿಗ್ಗೆ ಕೀ ಆನ್ ಮಾಡಿದರೆ ಎಲ್ಲ ಸುಮ್ಮನೆ.

ಈ ಗಾಡಿಯಲ್ಲಿ ಇಸಿಎಂ ಇರುವುದು ಬ್ಯಾಟರಿ ಹಿಂದೆ, ಎಡಗಡೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಕವರ್ ಅದರ ಮೇಲೇ ಮುಗಿಯುತ್ತದೆ. ಪಿನ್ ನಂಬರ್‌ಗಳಿಗೆ ವೈರಿಂಗ್ ಡಯಾಗ್ರಾಂ ಬೇಕೇ ಬೇಕು. ಬಣ್ಣ ನೋಡಿ ಊಹೆ ಮಾಡಲು ಹೋಗಬೇಡಿ. ಅಳೆಯಲು ಕನೆಕ್ಟರ್‌ನ ಹಿಂಬದಿಯಿಂದ ಸಣ್ಣ ಗುಂಡುಸೂಜಿ ತೂರಿಸಿದೆ. ಮುಂದಿನಿಂದ ಮಲ್ಟಿಮೀಟರ್‌ನ ದಪ್ಪ ಮೊನೆ ಚುಚ್ಚಿದರೆ ಹೆಣ್ಣು ಪಿನ್ ಅಗಲವಾಗಿ, ಇಲ್ಲದ ಲೂಸ್ ಕಾಂಟ್ಯಾಕ್ಟ್ ಹುಟ್ಟಿಕೊಳ್ಳುತ್ತದೆ.

ಬ್ಯಾಟರಿಯಿಂದ ನೇರ ಬರುವ ಲೈನ್: 12.4. ಇಗ್ನಿಷನ್ ಲೈನ್: 12.3. ಮೇನ್ ರಿಲೇಯಿಂದ ಬರುವ ಲೈನ್: ಸೊನ್ನೆ.

ಇಲ್ಲೇ ನಿಲ್ಲಿಸಿದ್ದರೆ ರಿಲೇ ಕೆಟ್ಟಿದೆ ಅಂತ ಅನ್ನಿಸುತ್ತಿತ್ತು. ಆದರೆ ಈ ರಿಲೇಯನ್ನು ಎಳೆಯುವುದು ಇಸಿಎಂ ತಾನೇ. ಅದು ಏಳದಿದ್ದರೆ ರಿಲೇನೂ ಏಳಲ್ಲ. ಯಾವುದು ಮೊದಲು ಕೆಟ್ಟಿದ್ದು ಅಂತ ಬಿಡಿಸಲು ರಿಲೇ ಕಿತ್ತು, ಸಾಕೆಟ್‌ನ 30 ಮತ್ತು 87ನೇ ಪಿನ್‌ಗಳಿಗೆ (ರಿಲೇ ಎಳೆದಾಗ ಸೇರುವ ಎರಡು ಪಿನ್) ಫ್ಯೂಸ್ ಇರುವ ವೈರ್ ಹಾಕಿ ನೇರ ಕರೆಂಟ್ ಕೊಟ್ಟೆ. ಈಗ ಇಸಿಎಂ ಪಿನ್‌ನಲ್ಲಿ 12.3 ಬಂತು. ಆದರೂ ದೀಪ ಇಲ್ಲ, ಸ್ಕ್ಯಾನರ್‌ಗೆ ಉತ್ತರ ಇಲ್ಲ.

ಮುಂದೆ ಅರ್ತ್. ಇದಕ್ಕೆ ಮೀಟರ್ ಒಂದೇ ಸಾಲದು. ವೈರ್ ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಏನೂ ಕರೆಂಟ್ ಎಳೆಯಲ್ಲ. ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಹಾಕಿದರೆ ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಆಗ ವೈರಿನ ನಿಜ ಗೊತ್ತಾಗುತ್ತದೆ. ಇಸಿಎಂ ಕನೆಕ್ಟರ್ ಕಳಚಿ, ಅರ್ತ್ ಪಿನ್‌ಗಳಿಗೆ ಒಂದೊಂದಾಗಿ ಬ್ಯಾಟರಿ ಪ್ಲಸ್‌ನಿಂದ ಈ ಬಲ್ಬ್ ಹಾಕಿದೆ. ಪೂರ್ತಿ ಬೆಳಗಿತು. ಬಲ್ಬ್ ಉರಿಯುತ್ತಿರುವಾಗಲೇ ಆ ಪಿನ್‌ನಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ 0.04 ವೋಲ್ಟ್. 0.1 ದಾಟಿದ್ದರೆ ಅರ್ತ್ ಮೇಲೆ ಕೈ ಇಡಬೇಕಿತ್ತು. ಪವರ್ ಪಿನ್‌ಗಳಿಗೂ ಹೀಗೇ ಬಲ್ಬ್ ಹಾಕಿ ನೋಡಿದೆ, ಎಲ್ಲ ಸರಿ. ದಯವಿಟ್ಟು ಗಮನಿಸಿ: ಈ ಬಲ್ಬ್ ಪರೀಕ್ಷೆ ಪವರ್, ಅರ್ತ್ ಪಿನ್‌ಗಳಿಗೆ ಮಾತ್ರ, ಅದೂ ಇಸಿಎಂ ಕಳಚಿರುವಾಗ ಮಾತ್ರ. ಸೆನ್ಸರ್ ಲೈನ್‌ಗೆ ಹಾಕಬಾರದು.

6. 5 ವೋಲ್ಟ್ ಎಲ್ಲಿ ಹೋಯಿತು

ಇಸಿಎಂ ಒಳಗೆ ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಇರುತ್ತದೆ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಥ್ರಾಟಲ್, ಆಕ್ಸಿಲರೇಟರ್ ಪೆಡಲ್, ಎಸಿ ಪ್ರೆಷರ್ ಸೆನ್ಸರ್, ಎಲ್ಲಕ್ಕೂ ಅಲ್ಲಿಂದಲೇ ಊಟ. ಕನೆಕ್ಟರ್ ಮತ್ತೆ ಹಾಕಿ, ಕೀ ಆನ್ ಇಟ್ಟು, ಮ್ಯಾಪ್ ಸೆನ್ಸರ್ ಹತ್ತಿರ ಅಳೆದೆ: 0.8 ವೋಲ್ಟ್. 5 ಇರಬೇಕಾದ ಜಾಗ.

ಆದರೂ ಇಸಿಎಂ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಯಾವುದೋ ಒಂದು ಸೆನ್ಸರ್ ಒಳಗೆ ಶಾರ್ಟ್ ಆಗಿದ್ದರೂ ಈ 5 ವೋಲ್ಟ್ ಪೂರ್ತಿ ಕುಸಿಯುತ್ತದೆ. ಎಷ್ಟೋ ಒಳ್ಳೆಯ ಇಸಿಎಂಗಳು ಕಸಕ್ಕೆ ಹೋಗುವುದು ಇಲ್ಲೇ. ಮೀಟರನ್ನು ಆ ವೈರ್‌ಗೇ ಸಿಕ್ಕಿಸಿಟ್ಟು ಒಂದೊಂದೇ ಸೆನ್ಸರ್ ಕಳಚುತ್ತಾ ಬಂದೆ. ಮ್ಯಾಪ್ ತೆಗೆದೆ, 0.8. ಥ್ರಾಟಲ್ ತೆಗೆದೆ, 0.8. ಪೆಡಲ್, ಎಸಿ ಸೆನ್ಸರ್, ಕ್ಯಾಮ್, ಕ್ರ್ಯಾಂಕ್, ಎಲ್ಲ ತೆಗೆದರೂ 0.8. ಕೊನೆಗೆ ಕೀ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಇಸಿಎಂ ಕನೆಕ್ಟರ್ ಕಳಚಿ, ಆ 5 ವೋಲ್ಟ್ ವೈರ್‌ನಿಂದ ಅರ್ತ್‌ಗೆ ಓಮ್ ಅಳೆದೆ. ಓಪನ್. ವೈರಿಂಗ್‌ನಲ್ಲಿ ಶಾರ್ಟ್ ಇಲ್ಲ.

ಕರೆಂಟ್ ಬರ್ತಿದೆ, ಅರ್ತ್ ಗಟ್ಟಿ, ಹೊರಗೆ ಯಾರೂ 5 ವೋಲ್ಟನ್ನು ಎಳೆದು ಹಿಡಿದಿಲ್ಲ. ಈಗ ಇಸಿಎಂ ಕಡೆ ಬೆರಳು ತೋರಿಸಬಹುದು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಸೆನ್ಸರ್, ರಿಲೇ, ಕನೆಕ್ಟರ್ ಎಲ್ಲ ವಾಪಸ್ ಹಾಕಿ, ಬ್ಯಾಟರಿ ಜೋಡಿಸಿ, ಕೀ ಆನ್ ಇಟ್ಟು, ತಲೆಗೂದಲು ಒಣಗಿಸುವ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಇಸಿಎಂ ಕೇಸಿಗೆ ಗಾಳಿ ಬಿಟ್ಟೆ. ಮೀಟರ್ ಮೇಲೆ ಕಣ್ಣಿತ್ತು. ಹತ್ತು ನಿಮಿಷದ ಹೊತ್ತಿಗೆ 0.8 ಇದ್ದದ್ದು 1.3 ಆಯಿತು, ಆಮೇಲೆ 2.1ರ ಹತ್ತಿರ ಒದ್ದಾಡಿತು, ಇದ್ದಕ್ಕಿದ್ದ ಹಾಗೆ 4.98ಕ್ಕೆ ಹಾರಿತು. ಮೇನ್ ರಿಲೇ ಟಕ್ ಅಂತು. ಚೆಕ್ ಎಂಜಿನ್ ದೀಪ ಹತ್ತಿತು. ಸೆಲ್ಫ್ ಹೊಡೆದರೆ ಮೊದಲ ಸುತ್ತಿಗೇ ಸ್ಟಾರ್ಟ್.

ಒಳಗೆ ನೀರು ಹೋಗಿದೆ.

7. ಕೇಸ್ ಬಿಚ್ಚಿದಾಗ

ಅಲ್ಯೂಮಿನಿಯಂ ಕೇಸ್, ಮೂಲೆಗೊಂದು ಸ್ಕ್ರೂ, ಸುತ್ತ ಬೂದು ಬಣ್ಣದ ಸೀಲಂಟ್. ಬಿಸಿಗಾಳಿಯಲ್ಲಿ ಸ್ವಲ್ಪ ಮೆತ್ತಗೆ ಮಾಡಿ, ತೆಳು ಬ್ಲೇಡನ್ನು ಅಂಚಿನಲ್ಲೇ ಓಡಿಸಿದೆ. ಬ್ಲೇಡ್ ಐದು ಮಿಲಿಮೀಟರ್‌ಗಿಂತ ಒಳಗೆ ಹೋಗದ ಹಾಗೆ ಅದಕ್ಕೆ ಟೇಪ್ ಸುತ್ತಿಟ್ಟಿದ್ದೆ. ಆಳಕ್ಕೆ ಹೋದರೆ ಬೋರ್ಡ್ ಗೀರುತ್ತದೆ.

ಮೇಲಿಂದ ನೋಡಿದರೆ ಬೋರ್ಡ್ ಹೊಸದರ ಹಾಗಿತ್ತು. ಕನೆಕ್ಟರ್ ಮೂಲೆಯಲ್ಲಿ ಮಾತ್ರ ಹಸಿರು ಕಿಲುಬು. ಭೂತಕನ್ನಡಿ ಹಿಡಿದಾಗ ಪೂರ್ತಿ ಕಂಡಿತು: ಎರಡು ಪಿನ್‌ಗಳ ಬುಡದಿಂದ ಹಸಿರು ಗೆರೆಯೊಂದು ಹೊರಟು, ಹೊಳೆಯುವ ರಕ್ಷಣಾ ಲೇಪನದ ಕೆಳಗೆ ಕೆಳಗೇ ಹರಿದು, ರೆಗ್ಯುಲೇಟರ್‌ನ ಕಾಲಿಗೆ ಹೋಗುವ ತಾಮ್ರದ ಗೆರೆಯನ್ನು ತಿಂದಿತ್ತು. ಒಂದು ಕಡೆ ತಾಮ್ರವೇ ಇಲ್ಲ, ಕಪ್ಪು ಪುಡಿ ಮಾತ್ರ.

ಎಸ್.ಪಿ. ರೋಡ್‌ನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ತಂದೆ, 180 ರೂಪಾಯಿ. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಲೇಪನ ಕೆರೆದು, ತಿಂದುಹೋದ ಗೆರೆಯ ಜಾಗಕ್ಕೆ ತೆಳು ತಾಮ್ರದ ತಂತಿ ಬೆಸೆದೆ. ಗಾಡಿಗೆ ಹಾಕಿದರೆ 5.00 ವೋಲ್ಟ್. ಒಂದು ವಾರ ಚೆನ್ನಾಗಿ ಓಡಿತು. ಮತ್ತೆ ಮೋಡ ಕವಿದ ಒಂದು ತಂಪು ಬೆಳಿಗ್ಗೆ ಕೈಕೊಟ್ಟಿತು. ಬೋರ್ಡ್‌ಗೆ ಹಲವು ಪದರಗಳಿವೆ. ಕಿಲುಬು ಪದರಗಳ ನಡುವಿನ ಸಣ್ಣ ತೂತುಗಳೊಳಗೆ ಇಳಿದಿತ್ತು. ಅಲ್ಲಿಗೆ ಬ್ರಷ್ ಹೋಗಲ್ಲ. ಮೇಲಿನ ಗೆರೆ ಬೆಸೆದು ಗೆಲ್ಲುವ ಕೆಲಸ ಅದಲ್ಲ. ಕಿಲುಬು ಬರೀ ಪಿನ್ ಬುಡದಲ್ಲಿ ನಿಂತಿದ್ದರೆ ರಿಪೇರಿ ಉಳಿಯುತ್ತಿತ್ತು. ಲೇಪನದ ಕೆಳಗೆ ಓಡಿದೆ ಅಂತ ಕಂಡರೆ ಬೇರೆ ಇಸಿಎಂ ಹುಡುಕುವುದೇ ಒಳ್ಳೆಯದು.

8. ನೀರು ಬಂದ ದಾರಿ

ಬೇರೆ ಇಸಿಎಂ ತರುವ ಮುಂಚೆ ಇದು ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ಅದೂ ಮುಂದಿನ ಮಳೆಗಾಲಕ್ಕೆ ಇದೇ ಗತಿ.

ಇಸಿಎಂ ತೆಗೆದಿಟ್ಟು, ವೈರಿಂಗ್‌ನ ಕನೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಮುಂದಿನ ಗ್ಲಾಸ್ ಮೇಲೆ ಚೊಂಬಿನಲ್ಲಿ ನಿಧಾನಕ್ಕೆ ನೀರು ಹುಯ್ದೆ. ವೈಪರ್ ಕೆಳಗೆ ಹೋದ ನೀರು ಎರಡೂ ಪಕ್ಕದ ತೂತಿನಿಂದ ಚಕ್ರದ ಹತ್ತಿರ ಬೀಳಬೇಕು. ಬಲಗಡೆ ಬಿತ್ತು. ಎಡಗಡೆ ಒಂದು ಹನಿಯೂ ಬರಲಿಲ್ಲ. ನೀರು ಒಳಗೇ ನಿಂತು, ಅಂಚು ಮೀರಿ, ವೈರಿಂಗ್ ಮೇಲೆ ಸುರಿಯಿತು.

ವೈಪರ್ ತೋಳು, ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಎಡಗಡೆಯ ತೂತಿನಲ್ಲಿ ಗುಲ್‌ಮೊಹರ್‌ನ ಸಣ್ಣ ಸಣ್ಣ ಎಲೆಗಳು ಕೊಳೆತು ಕಪ್ಪು ಗಸಿಯಾಗಿ ಗಟ್ಟಿಯಾಗಿ ಕೂತಿದ್ದವು. ದೊಡ್ಡ ಎಲೆ ಆಗಿದ್ದರೆ ಕವರ್‌ನ ಜಾಲರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಇವು ನುಸುಳುತ್ತವೆ. ಹಿಡಿ ತುಂಬ ತೆಗೆದೆ.

ಅಷ್ಟಾದರೂ ನೀರು ಇಸಿಎಂ ಒಳಗೆ ಹೋಗಬೇಕಾಗಿರಲಿಲ್ಲ. ಕನೆಕ್ಟರ್‌ಗೆ ರಬ್ಬರ್ ಸೀಲ್ ಇದೆ. ವೈರಿಂಗ್ ಅಲ್ಲಿಗೆ ಕೆಳಗಿನಿಂದ ಮೇಲೆ ಬರುವ ಹಾಗೆ ಒಂದು ಕ್ಲಿಪ್ ಹಿಡಿದಿರುತ್ತದೆ. ಆ ಕ್ಲಿಪ್ ಮುರಿದಿತ್ತು. ಹಿಂದೆ ಬ್ಯಾಟರಿ ಟ್ರೇ ಬಿಚ್ಚಿದಾಗ ಮುರಿದಿರಬೇಕು. ವೈರಿಂಗ್ ಕಟ್ಟು ಜಾರಿ, ಮೇಲಿನಿಂದ ನೇರ ಕನೆಕ್ಟರ್‌ಗೆ ಇಳಿಯುತ್ತಿತ್ತು. ಒಂದು ವೈರಿನ ಹೊರಗಿನ ಪ್ಲಾಸ್ಟಿಕ್ ಗಾಡಿಯ ಲೋಹದ ಮೈಗೆ ಉಜ್ಜಿ ಸವೆದು ತಾಮ್ರ ಕಾಣುತ್ತಿತ್ತು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ನೀರು ಆ ಎಳೆಗಳ ನಡುವೆ ಹರಿದು, ರಬ್ಬರ್ ಸೀಲನ್ನೂ ದಾಟಿ ಪಿನ್ ತಲುಪಿದೆ. ಸವೆದ ಜಾಗದಿಂದ ಪಿನ್ ತನಕ ಆ ವೈರನ್ನು ಸೀಳಿ ನೋಡಿದೆ. ಒಳಗಿನ ತಾಮ್ರ ಪೂರ್ತಿ ಕಪ್ಪಾಗಿತ್ತು.

9. ಬೇರೆ ಇಸಿಎಂ: ಶಿವಾಜಿನಗರದ ಗುಜರಿ

ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹೊಸದಕ್ಕೆ 27,400, ಪ್ರೋಗ್ರಾಮಿಂಗ್‌ಗೆ 2,500 ಬೇರೆ ಅಂದರು. ಹನ್ನೊಂದು ವರ್ಷದ ಗಾಡಿಗೆ ಅಷ್ಟು ಹಾಕಲು ಅಪ್ಪ ಒಪ್ಪಲಿಲ್ಲ. ಜೆ.ಸಿ. ರೋಡ್‌ನಲ್ಲಿ ವಿಚಾರಿಸಿದೆ. ಹೊಸ ಸೆನ್ಸರ್, ಪಿನ್, ವೈರ್ ಬೇಕಾದಷ್ಟು ಸಿಗುತ್ತದೆ, ಹಳೆ ಇಸಿಎಂಗೆ ಶಿವಾಜಿನಗರಕ್ಕೇ ಹೋಗಿ ಅಂದರು.

ಹೋಗುವ ಮುಂಚೆ ಹಳೆ ಇಸಿಎಂ ಸ್ಟಿಕರ್‌ನ ಫೋಟೊ ತೆಗೆದುಕೊಂಡೆ. ಅದರಲ್ಲಿ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಬೇರೆ ಬೇರೆ ಇರುತ್ತವೆ. ಎರಡೂ ಕೊನೆಯ ಅಕ್ಷರದ ತನಕ ಹೊಂದಬೇಕು. ಮೊದಲು ತೋರಿಸಿದ್ದು ನೋಡಲು ಅದೇ, ಕನೆಕ್ಟರ್ ಕೂಡ ಅದೇ, ಆದರೆ ನಂಬರಿನ ಕೊನೆಯ ಅಕ್ಷರ ಬೇರೆ. ಆಟೊಮ್ಯಾಟಿಕ್ ಗೇರ್ ಗಾಡಿಯದ್ದು.

"ಎಲ್ಲಾ ಒಂದೇ ಸಾರ್, ಹಾಕಿ, ಓಡುತ್ತೆ."

"ಬೇಡ ಅಣ್ಣ, ಈ ನಂಬರೇ ಬೇಕು. ಇದ್ದರೆ ನೋಡಿ, ಕಾಯ್ತೀನಿ."

ಒಳಗೆ ಹೋಗಿ ಹುಡುಕಿ ಇನ್ನೊಂದು ತಂದರು. "ಇದು ಹಿಂದೆ ಗುದ್ದಿರೋ ಗಾಡೀದು ಸಾರ್. ಮುಂದೆ ಒಂದು ಗೀರೂ ಇಲ್ಲ."

ನಂಬರ್ ಪೂರ್ತಿ ಹೊಂದಿತು. ಸೀಲಂಟ್ ಯಾರೂ ಮುಟ್ಟಿರಲಿಲ್ಲ, ಪಿನ್‌ಗಳು ನೆಟ್ಟಗಿದ್ದವು, ಟಾರ್ಚ್ ಹಾಕಿ ನೋಡಿದರೆ ಬುಡದಲ್ಲಿ ಕಿಲುಬು ಇಲ್ಲ. 8,000 ಹೇಳಿದರು, 5,500ಕ್ಕೆ ಮುಗಿಯಿತು. ಬಿಲ್‌ನಲ್ಲಿ ಇಸಿಎಂ ನಂಬರ್ ಬರೆಸಿಕೊಂಡೆ. ಬಿಲ್ ಕೊಡದ ಕಡೆ ಇಂಥ ಪಾರ್ಟ್ ತಗೋಬೇಡಿ, ಕದ್ದ ಗಾಡಿಯದ್ದಾದರೆ ತಲೆನೋವು ನಿಮ್ಮದು. ಸೀಲ್ ಬಿಚ್ಚದಿದ್ದರೆ ಒಂದು ವಾರದೊಳಗೆ ಬದಲಾಯಿಸಿ ಕೊಡುವ ಮಾತೂ ಆಯಿತು. ಆ ಮಾತು ಮುಖ್ಯ, ಯಾಕೆಂದರೆ ಮುಂದಿನ ಕೆಲಸಕ್ಕೆ ಸೀಲ್ ಬಿಚ್ಚಲೇಬೇಕು.

ಹಾಗಾಗಿ ಬಿಚ್ಚುವ ಮುಂಚೆಯೇ ಗಾಡಿಗೆ ಸಿಕ್ಕಿಸಿ ನೋಡಿದೆ. 5.01 ವೋಲ್ಟ್ ಬಂತು, ಸ್ಕ್ಯಾನರ್ ಮಾತಾಡಿತು. ಕಳ್ಳತನ ತಡೆಯುವ ಇಮೊಬಿಲೈಸರ್‌ನ ದೀಪ ಮಿಣುಕುತ್ತಾ ಎಂಜಿನ್ ಹಿಡಿಯಲಿಲ್ಲ. ಅದು ಹಾಗೇ ಆಗಬೇಕು. ಕೀ ಒಳಗಿನ ಚಿಪ್‌ನ ಗುರುತು ಹಳೆ ಇಸಿಎಂಗೆ ಮಾತ್ರ ಗೊತ್ತು. ಸ್ಕ್ಯಾನರ್‌ನಲ್ಲಿ ಚಾಸಿ ನಂಬರ್ ಕೂಡ ಆ ಬೇರೆ ಗಾಡಿಯದ್ದೇ ಬಂತು.

10. ಹಳೆಯದರ ನೆನಪು ಹೊಸದಕ್ಕೆ

ಈ ಇಸಿಎಂನಲ್ಲಿ ಇಮೊಬಿಲೈಸರ್ ಗುರುತು, ಚಾಸಿ ನಂಬರ್ ಎಲ್ಲ ಎಂಟು ಕಾಲಿನ ಒಂದು ಸಣ್ಣ ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ನೆನಪು ಉಳಿಸಿಕೊಳ್ಳುವ ಚಿಪ್) ಇವೆ, 95 ಸರಣಿಯದ್ದು. ಎಲ್ಲ ಇಸಿಎಂಗಳಲ್ಲೂ ಹೀಗಿರಲ್ಲ. ಕೆಲವದರಲ್ಲಿ ಅದು ಪ್ರೊಸೆಸರ್ ಒಳಗೇ ಇರುತ್ತದೆ, ಅದಕ್ಕೆ ಬೇರೆ ಸಲಕರಣೆ ಬೇಕು.

ಮೊದಲು ಚಿಪ್ ತೆಗೆಯದೆ, ಮೇಲೆ ಕ್ಲಿಪ್ ಹಾಕಿ ಓದಲು ನೋಡಿದೆ. ಪ್ರತಿ ಸಲ ಫೈಲ್ ಬೇರೆ ಬೇರೆ ಬಂತು. ಕ್ಲಿಪ್‌ನಿಂದ ಹೋದ ಕರೆಂಟ್ ಇಡೀ ಬೋರ್ಡಿಗೆ ಹರಿದು ಪ್ರೊಸೆಸರ್ ಕೂಡ ಎಚ್ಚರವಾಗುತ್ತದೆ, ಅದೂ ಅದೇ ಲೈನಿನಲ್ಲಿ ಮಾತಾಡಲು ನೋಡುತ್ತದೆ. ಇಂಥ ಫೈಲ್ ಬರೆದರೆ ಎರಡನೆಯ ಇಸಿಎಂ ಕೂಡ ಹೋದ ಹಾಗೇ.

ಹಾಗಾಗಿ ಚಿಪ್ಪನ್ನೇ ಎತ್ತಿದೆ. ಅಕ್ಕಪಕ್ಕದ ಪಾರ್ಟ್‌ಗಳಿಗೆ ಶಾಖ ತಡೆಯುವ ಟೇಪ್ ಹಚ್ಚಿ, ಫ್ಲಕ್ಸ್ ಹಾಕಿ, 350 ಡಿಗ್ರಿ ಬಿಸಿಗಾಳಿಯಲ್ಲಿ ಮೆಲ್ಲಗೆ. ಮೊದಲನೆಯ ಕಾಲು ಯಾವ ಕಡೆ ಇತ್ತು ಅಂತ ಫೋಟೊ ಇಟ್ಟುಕೊಳ್ಳಬೇಕು. ಕೈಗೆ ಅರ್ತ್ ಪಟ್ಟಿ ಕಟ್ಟಿಕೊಂಡೇ ಕೆಲಸ ಮಾಡಿದೆ. ಚಿಪ್ಪನ್ನು 350 ರೂಪಾಯಿಯ ಸಾಕೆಟ್ ಅಡಾಪ್ಟರ್‌ನಲ್ಲಿಟ್ಟು ಪ್ರೋಗ್ರಾಮರ್‌ನಿಂದ ಮತ್ತೆ ಮತ್ತೆ ಓದಿದೆ. ಎಲ್ಲ ಫೈಲ್‌ಗಳ ಚೆಕ್‌ಸಮ್ (ಫೈಲ್‌ಗಳು ಹೊಂದುತ್ತವೆಯೇ ಅಂತ ತಾಳೆ ನೋಡುವ ಸಂಖ್ಯೆ) ಒಂದೇ. ಒಳಗೆ ನಮ್ಮ ಚಾಸಿ ನಂಬರ್ ಅಕ್ಷರ ಅಕ್ಷರವಾಗಿ ಕಂಡಿತು. ಆರ್‌ಸಿ ಪಕ್ಕದಲ್ಲಿಟ್ಟು ತಾಳೆ ನೋಡಿದೆ.

ಇಲ್ಲಿ ಎರಡು ದಾರಿ ಇದೆ. ಹಳೆ ಚಿಪ್ಪನ್ನೇ ಹೊಸ ಬೋರ್ಡಿಗೆ ಬೆಸೆಯಬಹುದು, ಅಥವಾ ಹೊಸ ಬೋರ್ಡಿನ ಚಿಪ್‌ಗೆ ಹಳೆಯ ಫೈಲ್ ಬರೆಯಬಹುದು. ನಾನು ಎರಡನೆಯದನ್ನು ಮಾಡಿದೆ. ಅಸಲಿ ಚಿಪ್ ಹಾಗೇ ಉಳಿಯುತ್ತದೆ, ಏನಾದರೂ ಆದರೆ ಮತ್ತೆ ಶುರು ಮಾಡಬಹುದು. ಹೊಸದರ ಫೈಲನ್ನೂ ಮೊದಲು ಓದಿ ತೆಗೆದಿಟ್ಟೆ. ಸಾಫ್ಟ್‌ವೇರ್ ನಂಬರ್ ಎರಡರಲ್ಲೂ ಒಂದೇ ಇದ್ದದ್ದರಿಂದ ಪ್ರೊಸೆಸರ್‌ನ ಪ್ರೋಗ್ರಾಂ ಮುಟ್ಟಬೇಕಾಗಲಿಲ್ಲ.

ಕೇಸ್ ಮುಚ್ಚಲು ನ್ಯೂಟ್ರಲ್ ಸಿಲಿಕೋನ್ ಸೀಲಂಟ್, 220 ರೂಪಾಯಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನ್ಯ ಸಿಲಿಕೋನ್‌ಗೆ ವಿನಿಗರ್ ವಾಸನೆ ಇರುತ್ತದೆ. ಒಣಗುವಾಗ ಅದರಿಂದ ಅಸಿಟಿಕ್ ಆಮ್ಲ ಹೊರಬಂದು ತಾಮ್ರವನ್ನು ತಿನ್ನುತ್ತದೆ. ಕಿಲುಬಿನಿಂದ ಹೋದ ಇಸಿಎಂ ಬದಲಿಗೆ ತಂದದ್ದಕ್ಕೆ ಅದನ್ನು ಹಚ್ಚಲೇಬಾರದು. ಒಂದು ಪೂರ್ತಿ ದಿನ ಒಣಗಲು ಬಿಟ್ಟೆ.

11. ಹಾಕುವ ಮುಂಚೆ, ಹಾಕುವಾಗ

ಸೀಲಂಟ್ ಒಣಗುವ ಹೊತ್ತಿಗೆ, ಇಸಿಎಂ ನಡೆಸುವ ಪಾರ್ಟ್‌ಗಳನ್ನೆಲ್ಲ ಅಳೆದೆ. ಹಳೆಯದು ಸತ್ತಿದ್ದು ನೀರಿನಿಂದಲೇ ಆದರೂ, ಶಾರ್ಟ್ ಆದ ಒಂದು ಇಂಜೆಕ್ಟರ್ ಸಾಕು ಹೊಸದನ್ನು ಸುಡಲು. ಇಂಜೆಕ್ಟರ್‌ಗಳು 12.2, 12.1, 12.3, 12.2 ಓಮ್. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ 26. ಮೇನ್ ರಿಲೇ ಕಾಯಿಲ್ 82. ಯಾವುದೂ ಅರ್ತ್‌ಗೆ ಶಾರ್ಟ್ ಆಗಿಲ್ಲ.

ಕಿಲುಬು ಹಿಡಿದ ಎರಡು ಪಿನ್‌ಗಳನ್ನು ಕನೆಕ್ಟರ್‌ನಿಂದ ತೆಗೆದು, ಜೆ.ಸಿ. ರೋಡ್‌ನಿಂದ ತಂದ ವೈರ್ ಸಮೇತ ಪಿನ್‌ಗಳನ್ನು ಹಾಕಿದೆ, 240 ರೂಪಾಯಿ. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯಲ್ಲ. ಒಳ್ಳೆಯ ಕೆಂಪು ತಾಮ್ರ ಸಿಗುವ ತನಕ ಕತ್ತರಿಸಿದೆ. ಅದಕ್ಕೆ ಒಂದು ಗೇಣು ವೈರ್ ಹೋಯಿತು. ಜೋಡಣೆ ಮೇಲೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿದೆ.

ಬ್ಯಾಟರಿ ಮೈನಸ್ ಬಿಚ್ಚಿದೆ. 10 ನಂಬರ್ ಸ್ಪ್ಯಾನರ್‌ನಲ್ಲಿ ಇಸಿಎಂ ಕೂರಿಸಿದೆ. ಕನೆಕ್ಟರ್‌ನ ರಬ್ಬರ್‌ಗೆ ತೆಳುವಾಗಿ ಸಿಲಿಕೋನ್ ಗ್ರೀಸ್. ಲಿವರ್ ಪೂರ್ತಿ ಮುಚ್ಚಿ ಟಕ್ ಅನ್ನಬೇಕು. ವೈರಿಂಗ್ ಕಟ್ಟನ್ನು ಕನೆಕ್ಟರ್‌ಗಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲೆ ತಂದು, ಹೊಸ ಕ್ಲಿಪ್ ಮತ್ತು ಕೇಬಲ್ ಟೈ ಹಾಕಿದೆ. ಈಗ ನೀರು ಬಿದ್ದರೂ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಕನೆಕ್ಟರ್‌ಗೆ ಬರಲ್ಲ. ಮತ್ತೆ ಚೊಂಬಿನಲ್ಲಿ ನೀರು ಹುಯ್ದು ನೋಡಿದೆ. ಎರಡೂ ಪಕ್ಕ ಸಮನಾಗಿ ಹರಿಯಿತು.

12. ಸ್ಟಾರ್ಟ್

ಕೀ ಆನ್. ರಿಲೇ ಟಕ್, ಪಂಪ್ ಗುಂಯ್, ಚೆಕ್ ಎಂಜಿನ್ ದೀಪ ಹತ್ತಿತು, ಇಮೊಬಿಲೈಸರ್ ದೀಪ ಆರಿತು. ಸ್ಕ್ಯಾನರ್‌ನಲ್ಲಿ ನಮ್ಮ ಚಾಸಿ ನಂಬರ್. ಎಂಜಿನ್ ಆಫ್ ಇರುವಾಗ ಮ್ಯಾಪ್ ಸೆನ್ಸರ್ 91 ಕಿಲೋಪಾಸ್ಕಲ್ ತೋರಿಸಿತು. ಪುಸ್ತಕದಲ್ಲಿ 101 ಅಂತ ಇರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್‌ಗೂ ಎತ್ತರ, ಇಲ್ಲಿ 91ರ ಆಸುಪಾಸೇ ಸರಿ. 101 ಕಾಣುತ್ತಿಲ್ಲ ಅಂತ ಇಲ್ಲಿ ಸೆನ್ಸರ್ ಬದಲಾಯಿಸಬೇಡಿ.

ಸೆಲ್ಫ್ ಹೊಡೆದೆ, ಹಿಡಿಯಿತು. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಆರ್‌ಪಿಎಂ) 1,200ಕ್ಕೂ 700ಕ್ಕೂ ನಡುವೆ ಏರಿಳಿಯುತ್ತಿತ್ತು. ಈ ಇಸಿಎಂ ಕಲಿತಿಟ್ಟುಕೊಂಡ ಥ್ರಾಟಲ್ ಲೆಕ್ಕ ಇನ್ನೊಂದು ಗಾಡಿಯದ್ದು, ಅದಕ್ಕೆ. ಎಸಿ, ಲೈಟ್ ಏನೂ ಹಾಕದೆ ರೇಡಿಯೇಟರ್ ಫ್ಯಾನ್ ತಿರುಗುವ ತನಕ ಬಿಟ್ಟೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ 780ಕ್ಕೆ ನಿಂತಿತು.

ಆಮೇಲೆ ಬಂದ ಮಳೆಗಳಿಗೆ ಗಾಡಿಯನ್ನು ಬೇಕಂತಲೇ ಅದೇ ಮರದ ಕೆಳಗೆ ಬಿಟ್ಟೆ. ಬೆಳಿಗ್ಗೆ ಮೊದಲು 5 ವೋಲ್ಟ್ ಅಳೆದು ಆಮೇಲೆ ಸ್ಟಾರ್ಟ್. 5.01ರಿಂದ ಅಲ್ಲಾಡಿಲ್ಲ. ಪೆಟ್ರೋಲ್ ಬಂಕ್ ಹತ್ತಿರ ಎಮಿಷನ್ ಟೆಸ್ಟ್ ಮಾಡಿಸಿದೆ. ಐಡಲ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇಕಡಾ 0.04 ಬಂತು, ಬಿಎಸ್-4 ಪೆಟ್ರೋಲ್ ಕಾರಿಗೆ ಮಿತಿ 0.3.

ಖರ್ಚು: ಇಸಿಎಂ 5,500, ಸಾಕೆಟ್ ಅಡಾಪ್ಟರ್ 350, ಪಿನ್ 240, ಸಿಲಿಕೋನ್ 220, ಆಲ್ಕೊಹಾಲ್ 180, ಫ್ಲಕ್ಸ್, ಹೀಟ್ ಶ್ರಿಂಕ್, ಟೈ ಎಲ್ಲ ಸೇರಿ 150. ಒಟ್ಟು 6,640. ಬಿಸಿಗಾಳಿ ಮೆಷಿನ್, ಪ್ರೋಗ್ರಾಮರ್, ಸ್ಕ್ಯಾನರ್ ಗೆಳೆಯನವು. ಮೊದಲು ಹಾಕಿಸಿದ ಸೆನ್ಸರ್, ಪಂಪ್‌ನ 5,850 ಇದರಲ್ಲಿ ಸೇರಿಲ್ಲ.

ಬಾಕಿ ಇರುವುದು ಒಂದೇ. ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಹೊಗೆ ಶುದ್ಧ ಮಾಡುವ ಭಾಗವನ್ನು ಇಸಿಎಂ ತಾನೇ ಮಾಡುವ ಪರೀಕ್ಷೆ) ಇನ್ನೂ ಪೂರ್ತಿಯಾಗಿಲ್ಲ ಅಂತ ತೋರಿಸುತ್ತಿದೆ, ಉಳಿದವೆಲ್ಲ ಮುಗಿದಿವೆ. ಅದಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಊರೊಳಗಿನ ಟ್ರಾಫಿಕ್‌ನಲ್ಲಿ ಆಗಲ್ಲ. ಮುಂದಿನ ಸಲ ಅಪ್ಪನನ್ನು ತುಮಕೂರಿಗೆ ಕರೆದುಕೊಂಡು ಹೋಗುವಾಗ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿಕೊಂಡೇ ಹೊರಡುತ್ತೇನೆ.